ಹಾಳು ಹಂಪೆಯ ಜನರೆಲ್ಲಿ? ಹತ್ತೊಂಬತ್ತನೆಯ ಶತಮಾನದ ಛಾಯಾಚಿತ್ರಗಳನ್ನು ಓದುವ ಕ್ರಮ

ಐವತ್ತು ರೂಪಾಯಿಯ ಈಗಿನ ನೋಟಿನ ಹಿಂಬದಿಯಲ್ಲಿ ಹಂಪೆಯ ಕಲ್ಲಿನ ರಥವಿದೆ. ನೆತ್ತಿಯ ಮೇಲೆ ಏನೂ ಇಲ್ಲದ ಆ ಮೊಟಕು ಆಕಾರವೇ ರಥದ ಮೂಲರೂಪವೆಂದು ನಾವೆಲ್ಲ ನಂಬಿಕೊಂಡಿದ್ದೇವೆ; ಕ್ಯಾಲೆಂಡರುಗಳಿಂದ ಹಿಡಿದು ಪ್ರವಾಸಿ ಫಲಕಗಳವರೆಗೆ ಎಲ್ಲೆಡೆ ಕಾಣುವುದು ಅದೇ. ಆದರೆ 1856ರಲ್ಲಿ ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ ವಿಠ್ಠಲ ದೇವಾಲಯದ ಅಂಗಳದಲ್ಲಿ ತೆಗೆದ ಛಾಯಾಚಿತ್ರವನ್ನು ನೋಡಿದರೆ, ಅದೇ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿರುವುದು ಸ್ಪಷ್ಟವಾಗಿ ಕಾಣುತ್ತದೆ. ಆ ಶಿಖರ ಇಂದು ಇಲ್ಲ. ಅದು ಇತ್ತು ಎಂಬುದನ್ನು ಕಣ್ಣಿಗೆ ಕಟ್ಟುವಂತೆ ಹೇಳುವುದು ಮೇಣ ಸವರಿದ ಒಂದು ಕಾಗದದ ನೆಗೆಟಿವ್ (ಬೆಳಕು ಕಪ್ಪಾಗಿಯೂ ನೆರಳು ಬಿಳಿಯಾಗಿಯೂ ಮೂಡುವ ಮೂಲಪ್ರತಿ).

ಆ ಕಾಲದ ಹಂಪೆಯ ಚಿತ್ರಗಳಲ್ಲಿ ಇನ್ನೊಂದು ಸಂಗತಿಯೂ ಎದ್ದು ಕಾಣುತ್ತದೆ: ಬೀದಿಗಳೂ ಮಂಟಪಗಳೂ ಬಹುಮಟ್ಟಿಗೆ ನಿರ್ಜನ. ‘ಹಾಳು ಹಂಪೆ’ ಎಂಬ ನಮ್ಮ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ ಎನ್ನಿಸುವುದು ಸಹಜ. ಆದರೆ ವಿರೂಪಾಕ್ಷನಿಗೆ ಆಗಲೂ ಪೂಜೆ ನಡೆಯುತ್ತಿತ್ತು, ಭಕ್ತರು ಬರುತ್ತಿದ್ದರು. ಶಿಖರ ನಿಜ, ನಿರ್ಜನತೆಯಾದರೋ ಬಹುಪಾಲು ಆ ಕಾಲದ ರಸಾಯನ ವಿದ್ಯೆಯ ಮಿತಿಯಿಂದ ಬಂದದ್ದು. ಒಂದೇ ಹಾಳೆಯಲ್ಲಿರುವ ಈ ಎರಡನ್ನು ಬೇರ್ಪಡಿಸಲು ಬಂದರೆ ಹಳೆಯ ಛಾಯಾಚಿತ್ರವನ್ನು ಓದಲು ಬಂದಂತೆ. ಅದಕ್ಕಾಗಿ ಚಿತ್ರದಲ್ಲಿ ಏನು ಕಾಣುತ್ತದೆ ಎಂದು ಕೇಳುವ ಮೊದಲು, ಅದರಲ್ಲಿ ಏನು ಕಾಣಲು ಸಾಧ್ಯವೇ ಇರಲಿಲ್ಲ ಎಂದು ಕೇಳುವ ಅಭ್ಯಾಸವನ್ನು ಬೆಳೆಸಿಕೊಳ್ಳಬೇಕು. ಕೆಳಗಿನ ಹೆಜ್ಜೆಗಳು ಆ ಅಭ್ಯಾಸಕ್ಕಾಗಿ. ಹಂಪೆಯ ಚಿತ್ರಕ್ಕೂ ಈಜಿಪ್ಟಿನ ಚಿತ್ರಕ್ಕೂ, ನಿಮ್ಮ ಮನೆಯ ಟ್ರಂಕಿನಲ್ಲಿ ಸಿಕ್ಕ ಮುತ್ತಜ್ಜನ ಚಿತ್ರಕ್ಕೂ ಇವು ಹೊಂದುತ್ತವೆ.

1. ಪೂರ್ತಿ ಚಿತ್ರವನ್ನು, ದೊಡ್ಡ ಗಾತ್ರದಲ್ಲಿ ಪಡೆದುಕೊಳ್ಳಿ

ವಾಟ್ಸ್ಆ್ಯಪಿನಲ್ಲಿ ಬಂದ ಚಿತ್ರವನ್ನು ಓದಲು ಕೂರಬೇಡಿ. ಅಂಚು ಕತ್ತರಿಸಿ, ಬಣ್ಣ ತಿದ್ದಿ, ಹತ್ತು ಸಲ ಕುಗ್ಗಿಸಿದ ಚಿತ್ರದಲ್ಲಿ ಓದಲು ಏನೂ ಉಳಿದಿರುವುದಿಲ್ಲ. ಲಂಡನ್ನಿನ ಬ್ರಿಟಿಷ್ ಲೈಬ್ರರಿ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಲಾಸ್ ಏಂಜಲೀಸಿನ ಗೆಟ್ಟಿ, ನ್ಯೂಯಾರ್ಕಿನ ಮೆಟ್ರೊಪಾಲಿಟನ್, ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ ಇವೆಲ್ಲ ಆ ಶತಮಾನದ ಛಾಯಾಚಿತ್ರಗಳ ದೊಡ್ಡ ಸಂಗ್ರಹಗಳನ್ನು ಹೊಂದಿವೆ. ಇವುಗಳಲ್ಲಿ ಹಲವು ಸಂಸ್ಥೆಗಳು ದೊಡ್ಡ ಗಾತ್ರದ ಪ್ರತಿಗಳನ್ನು ಉಚಿತವಾಗಿಯೇ ಕೊಡುತ್ತವೆ. ನಮ್ಮಲ್ಲಿ ದೆಹಲಿಯ ಅಲ್ಕಾಜಿ ಸಂಗ್ರಹವೂ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ಮ್ಯೂಸಿಯಂ ಆಫ್ ಆರ್ಟ್ ಆ್ಯಂಡ್ ಫೋಟೋಗ್ರಫಿಯೂ ಮುಖ್ಯವಾದವು.

ದೊಡ್ಡ ಗಾತ್ರಕ್ಕೆ ಏಕೆ ಹಟ ಹಿಡಿಯಬೇಕೆಂದರೆ, ಆ ಕಾಲದಲ್ಲಿ ಚಿತ್ರವನ್ನು ಹಿಗ್ಗಿಸುವ ಪದ್ಧತಿ ಹೆಚ್ಚುಕಡಿಮೆ ಇರಲಿಲ್ಲ. ನೆಗೆಟಿವನ್ನು ಕಾಗದಕ್ಕೆ ಒತ್ತಿ ಬಿಸಿಲಿಗೆ ಹಿಡಿದು ಪ್ರಿಂಟ್ ಮಾಡುತ್ತಿದ್ದರು. ಪ್ರಿಂಟ್ ಎಷ್ಟು ದೊಡ್ಡದೋ ನೆಗೆಟಿವೂ ಅಷ್ಟೇ, ಕ್ಯಾಮೆರಾ ಅದಕ್ಕಿಂತ ದೊಡ್ಡದು. ಗ್ರೀನ್‌ಲಾ ಬಳಸಿದ ಕಾಗದ ಸುಮಾರು 16 ಮತ್ತು 18 ಇಂಚು ಅಳತೆಯದು. ಅಷ್ಟು ದೊಡ್ಡ ನೆಗೆಟಿವಿನಲ್ಲಿ ಅಡಗಿರುವ ವಿವರಗಳನ್ನು ಫೋನಿನ ಪರದೆ ಎಂದೂ ತೋರಿಸಲಾರದು. ಚಿತ್ರವನ್ನು ಒಂಬತ್ತು ಮನೆಗಳಾಗಿ ಮನಸ್ಸಿನಲ್ಲೇ ವಿಂಗಡಿಸಿ, ಒಂದೊಂದೇ ಮನೆಯನ್ನು ಹಿಗ್ಗಿಸಿ ನಿಧಾನವಾಗಿ ನೋಡಿ. ನಡುವಿನ ಮನೆಯನ್ನು ಕೊನೆಗೆ ಇಟ್ಟುಕೊಳ್ಳಿ, ಏಕೆಂದರೆ ಛಾಯಾಗ್ರಾಹಕ ನಾವು ನೋಡಲೆಂದು ಬಯಸಿದ್ದು ಅಲ್ಲಿರುತ್ತದೆ. ಅವನು ಗಮನಿಸದೆ ಬಿಟ್ಟದ್ದು ಅಂಚಿನಲ್ಲಿರುತ್ತದೆ.

ಕೈಯಲ್ಲಿ ಅಸಲು ಪ್ರಿಂಟ್ ಇದ್ದರೆ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯೊಂದನ್ನು ಕೊಳ್ಳಿ. ಅದರಲ್ಲಿ ಸಾಲುಸಾಲಾದ ಸಣ್ಣ ಚುಕ್ಕಿಗಳು ಕಂಡರೆ ಅದು ಛಾಯಾಚಿತ್ರವಲ್ಲ, ಶಾಯಿಯಲ್ಲಿ ಅಚ್ಚು ಹಾಕಿದ ಪ್ರತಿ; ಬಹುಶಃ ಹಳೆಯ ಪುಸ್ತಕದಿಂದ ಕತ್ತರಿಸಿದ್ದು. ಬಣ್ಣದ ನೋಟವಾಗಿದ್ದು ಕ್ರಮವಿಲ್ಲದ ಕಣಗಳು ಕಂಡರೆ ಅದು ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ 1890ರ ದಶಕದಲ್ಲಿ ಜನಪ್ರಿಯವಾದ ಫೋಟೋಕ್ರೋಮ್ ಇರಬಹುದು. ಕಪ್ಪುಬಿಳುಪು ನೆಗೆಟಿವಿನಿಂದ ಹಲವು ಕಲ್ಲಚ್ಚುಗಳನ್ನು ಮಾಡಿ, ಒಂದೊಂದಕ್ಕೂ ಒಂದೊಂದು ಬಣ್ಣ ಹಚ್ಚಿ ಮುದ್ರಿಸುತ್ತಿದ್ದುದರಿಂದ, ಆ ಬಣ್ಣ ಸ್ಥಳದ್ದಲ್ಲ, ಮುದ್ರಣಾಲಯದ್ದು. ಅದನ್ನು ನೋಡಿ ಆನಂದಿಸಿ, ಆದರೆ ಕಟ್ಟಡದ ಗೋಡೆ ಗುಲಾಬಿ ಬಣ್ಣದ್ದಾಗಿತ್ತು ಎಂದು ಬರೆಯಲು ಹೋಗಬೇಡಿ.

2. ಯಾವ ವಿಧಾನದ ಚಿತ್ರವೆಂದು ಗುರುತಿಸಿ

ತಜ್ಞರಾಗಬೇಕಿಲ್ಲ; ನಾಲ್ಕು ಗುಂಪುಗಳನ್ನು ಬೇರ್ಪಡಿಸಲು ಬಂದರೆ ಸಾಕು.

ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಕನ್ನಡಿಯಂತೆ ಹೊಳೆಯುತ್ತ, ಓರೆ ಮಾಡಿದರೆ ಕಪ್ಪುಬಿಳುಪು ತಿರುವುಮುರುವಾಗುವುದು ಡಾಗೆರೊಟೈಪ್. 1839ರಲ್ಲಿ ಪ್ಯಾರಿಸಿನಲ್ಲಿ ಲೋಕಕ್ಕೆ ತಿಳಿಸಿದ ವಿಧಾನವಿದು. ಇದಕ್ಕೆ ನೆಗೆಟಿವ್ ಇಲ್ಲ, ಆದ್ದರಿಂದ ಎರಡನೆಯ ಪ್ರತಿಯೂ ಇಲ್ಲ.

ಹೊಳಪಿಲ್ಲದೆ, ಚಿತ್ರ ಕಾಗದದ ನಾರಿನೊಳಗೇ ಇಳಿದಂತಿದ್ದು, ಅಂಚುಗಳು ಸ್ವಲ್ಪ ಮೃದುವಾಗಿದ್ದರೆ ಅದು ಕಾಗದದ ನೆಗೆಟಿವಿನಿಂದ ಬಂದದ್ದು. ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1841ರಲ್ಲಿ ಪೇಟೆಂಟ್ ಪಡೆದ ಕ್ಯಾಲೊಟೈಪ್ ಇದರ ಮೂಲ. 1851ರಲ್ಲಿ ಫ್ರಾನ್ಸಿನ ಗುಸ್ತಾವ್ ಲೆ ಗ್ರೇ ಕಾಗದಕ್ಕೆ ಮೊದಲೇ ಮೇಣ ಹಿಡಿಸುವ ಉಪಾಯವನ್ನು ಕಂಡುಕೊಂಡ ಮೇಲೆ, ಹಾಳೆಗಳನ್ನು ಕೆಲವು ದಿನ ಮುಂಚೆ ಸಿದ್ಧಪಡಿಸಿಕೊಂಡು, ಚಿತ್ರ ತೆಗೆದು, ಬಿಡಾರಕ್ಕೆ ಮರಳಿದ ನಂತರ ಅದನ್ನು ರಸಾಯನದಲ್ಲಿ ಮೂಡಿಸಲು (ಡೆವಲಪ್ ಮಾಡಲು) ಸಾಧ್ಯವಾಯಿತು. ನಮ್ಮ ಸೆಕೆಗೆ ಇದೇ ಹೇಳಿಮಾಡಿಸಿದ ವಿಧಾನ. 1854ರ ಕೊನೆಯಲ್ಲಿ ರಜೆಯ ಮೇಲಿದ್ದಾಗ ಬೇಲೂರು ಹಳೇಬೀಡುಗಳ ಚಿತ್ರ ತೆಗೆದ ಲಿನೇಯಸ್ ಟ್ರೈಪ್ ಮತ್ತು ಅವನ ಹಿಂದೆಯೇ ಹಂಪೆಗೆ ಬಂದ ಗ್ರೀನ್‌ಲಾ ಇಬ್ಬರೂ ಮೇಣದ ಕಾಗದವನ್ನೇ ನೆಚ್ಚಿಕೊಂಡಿದ್ದರು.

ಮೂರನೆಯದು ಗಾಜು. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಒದ್ದೆ ಕೊಲೋಡಿಯನ್ ವಿಧಾನದಲ್ಲಿ, ಆಮ್ಲದಲ್ಲಿ ಸಂಸ್ಕರಿಸಿದ ಹತ್ತಿಯನ್ನು ಈಥರ್ ಮತ್ತು ಆಲ್ಕೋಹಾಲಿನಲ್ಲಿ ಕರಗಿಸಿ, ಆ ಅಂಟುದ್ರವವನ್ನು ಗಾಜಿನ ಮೇಲೆ ಹರಡಿ, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಅದು ಒಣಗುವ ಮೊದಲೇ ಚಿತ್ರ ತೆಗೆದು ಮೂಡಿಸಬೇಕಿತ್ತು. ಇದಕ್ಕೆ ಸಿಗುತ್ತಿದ್ದ ಸಮಯ ಹತ್ತು ಹನ್ನೆರಡು ನಿಮಿಷ. ಬಿಸಿಲು ನಾಡಿನಲ್ಲಿ ಇನ್ನೂ ಕಡಿಮೆ. ಹೀಗಾಗಿ ಕತ್ತಲೆಯ ಡೇರೆ, ಸೀಸೆಗಳು, ನೀರು, ಗಾಜಿನ ಪೆಟ್ಟಿಗೆಗಳು ಕ್ಯಾಮೆರಾದ ಪಕ್ಕದಲ್ಲೇ ಇರಬೇಕಾಗಿತ್ತು. 1850ರ ದಶಕದ ಕೊನೆಯಲ್ಲಿ ನೈಲ್ ನದಿಯ ದಂಡೆಯಲ್ಲಿ ಕೆಲಸ ಮಾಡಿದ ಫ್ರಾನ್ಸಿಸ್ ಫ್ರಿತ್‌ನ ಡೇರೆಯೊಳಗಿನ ಸೆಕೆಗೆ ಕೊಲೋಡಿಯನ್ ಗಾಜಿಗೆ ತಾಗಿದೊಡನೆ ಕುದಿಯುತ್ತಿತ್ತಂತೆ. ಸ್ಯಾಮ್ಯುಯೆಲ್ ಬೋರ್ನ್ 1863ರಲ್ಲಿ ಸಿಮ್ಲಾದಿಂದ ಹಿಮಾಲಯದೊಳಕ್ಕೆ ಹೊರಟಾಗ ಸಾಮಾನು ಹೊರಲು ಸುಮಾರು 30 ಕೂಲಿಗಳು ಬೇಕಾದರು. ಜನಹೀನವೆಂದು ಕಾಣುವ ಅವನ ಪರ್ವತದೃಶ್ಯಗಳನ್ನು ನೋಡುವಾಗ, ಕ್ಯಾಮೆರಾದ ಬೆನ್ನ ಹಿಂದೆ ಬೆವರು ಒರೆಸಿಕೊಳ್ಳುತ್ತ ಕುಳಿತ ಆ ಜನರನ್ನು ನೆನೆಯದಿದ್ದರೆ ನೋಟ ಅರ್ಧವಷ್ಟೇ ಆಗುತ್ತದೆ. ಗಾಜಿನ ನೆಗೆಟಿವಿನಿಂದ ಬಂದ ಪ್ರಿಂಟಿನಲ್ಲಿ ಎಲೆಯ ಅಂಚೂ ಚೂಪಾಗಿರುತ್ತದೆ. ಹೆಚ್ಚಾಗಿ ಅವನ್ನು ಮೊಟ್ಟೆಯ ಬಿಳಿ ಸವರಿದ ತೆಳುಕಾಗದದ ಮೇಲೆ ಮುದ್ರಿಸಿ ರಟ್ಟಿಗೆ ಅಂಟಿಸುತ್ತಿದ್ದರು. ಆಲ್ಬುಮೆನ್ ಎಂದು ಕರೆಯುವ ಈ ಪ್ರಿಂಟುಗಳಿಗೆ ಕಂದು ನೇರಳೆಯ ಛಾಯೆ, ಸಣ್ಣ ಹೊಳಪು; ವಯಸ್ಸಾದಂತೆ ಬಿಳಿಯ ಭಾಗಗಳು ಹಳದಿಗೆ ತಿರುಗುತ್ತವೆ.

ನಾಲ್ಕನೆಯದು ಒಣ ಜೆಲಟಿನ್ ಫಲಕ. 1871ರಲ್ಲಿ ರಿಚರ್ಡ್ ಮ್ಯಾಡಾಕ್ಸ್ ಸೂಚಿಸಿದ ಈ ವಿಧಾನ 1880ರ ಹೊತ್ತಿಗೆ ಅಂಗಡಿಯಲ್ಲಿ ಸಿಗುವ ಸರಕಾಯಿತು. ಇದರ ವೇಗದಿಂದಾಗಿ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ಚಿತ್ರ ತೆಗೆಯುವುದು ಸಾಧ್ಯವಾಯಿತು, 1888ರಲ್ಲಿ ಕೊಡಕ್ ಕ್ಯಾಮೆರಾ ಬಂತು. ಜಾತ್ರೆಯ ಗುಂಪು, ಓಡುವ ಕುದುರೆ, ನಗುವ ಮಗು ಚಿತ್ರದಲ್ಲಿ ಸಹಜವಾಗಿ ಮೂಡಿದ್ದರೆ ಅದು 1880ಕ್ಕಿಂತ ಈಚಿನದೆಂದು ಮೊದಲ ಅಂದಾಜು ಹಾಕಬಹುದು.

3. ಕಾಣದಿರುವುದರ ಪಟ್ಟಿ ಮಾಡಿ

ಇದೇ ಮುಖ್ಯವಾದ ಹೆಜ್ಜೆ. ವಿಧಾನ ತಿಳಿದ ಮೇಲೆ, ಆ ವಿಧಾನ ಯಾವುದನ್ನು ಹಿಡಿಯಲಾರದಿತ್ತು ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಿ.

ಮೊದಲನೆಯದು ಚಲನೆ. 1838ರಲ್ಲಿ ಲೂಯಿ ಡಾಗೆರ್ ತನ್ನ ಕಿಟಕಿಯಿಂದ ಪ್ಯಾರಿಸಿನ ಬುಲೆವಾರ್ ದು ತಾಂಪ್ಲ್ ಬೀದಿಯನ್ನು ಹಿಡಿದ. ಗಾಡಿಗಳೂ ಜನರೂ ಓಡಾಡುತ್ತಿದ್ದ ಬೀದಿ ಚಿತ್ರದಲ್ಲಿ ಬರಿದು. ಫಲಕಕ್ಕೆ ಹಲವು ನಿಮಿಷ ಬೆಳಕು ಬೇಕಾಗಿದ್ದುದರಿಂದ ಚಲಿಸಿದ್ದೆಲ್ಲ ಅಳಿಸಿಹೋಯಿತು; ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತ ಒಂದೆಡೆ ನಿಂತಿದ್ದ ಒಬ್ಬ ಮನುಷ್ಯ ಮಾತ್ರ ಉಳಿದ. ಹದಿನೆಂಟು ವರ್ಷಗಳ ನಂತರ ಹಂಪೆಯಲ್ಲಿಯೂ ಇದೇ ನಿಯಮ ನಡೆಯಿತು. ಮೇಣದ ಕಾಗದಕ್ಕೆ ಬಿಸಿಲಿನಲ್ಲಿಯೂ ನಿಮಿಷಗಟ್ಟಲೆ ಕಾಲ ಬೇಕು. ಅಷ್ಟರಲ್ಲಿ ಮಂಟಪದ ಮುಂದೆ ದನ ಹೊಡೆದುಕೊಂಡು ಹೋದವನು, ತಲೆಯ ಮೇಲೆ ಸೌದೆ ಹೊತ್ತು ಹಾದವಳು ಯಾರೂ ಉಳಿಯುವುದಿಲ್ಲ.

ಆದ್ದರಿಂದ ಚಿತ್ರ ನಿರ್ಜನವಾಗಿ ಕಂಡಾಗ ಚಲನೆಯ ಕುರುಹುಗಳನ್ನು ಹುಡುಕಿ. ಮರದ ತುದಿಯ ಎಲೆಗಳು ಹತ್ತಿಯಂತೆ ಕಲಸಿಹೋಗಿವೆಯೇ? ನದಿಯ ನೀರು ಹಾಲಿನ ಕೆನೆಯಂತೆ ನುಣುಪಾಗಿದೆಯೇ? ನೆಲದ ಸಮೀಪ ಆರಪಾರ ಕಾಣುವ ನೆರಳಿನಂಥ ಆಕೃತಿಗಳಿವೆಯೇ? ಅವು ಸ್ವಲ್ಪ ಹೊತ್ತು ನಿಂತು ಹೊರಟುಹೋದ ಜನ. ಹುಲ್ಲಿನ ನಡುವೆ ಸವೆದ ಕಾಲುದಾರಿ, ಕಟ್ಟೆಯ ಮೇಲೆ ಮಡಕೆ, ಕಂಬಕ್ಕೆ ಕಟ್ಟಿದ ಹಗ್ಗ, ಒಣಹಾಕಿದ ಬಟ್ಟೆ, ಬೆರಣಿ ತಟ್ಟಿದ ಗೋಡೆ ಇವು ಅಲುಗುವುದಿಲ್ಲ, ಹಾಗಾಗಿ ಉಳಿದಿರುತ್ತವೆ. ಜನ ಇದ್ದರು ಎಂದು ಹೇಳುವ ಸಾಕ್ಷಿಗಳು ಇವೇ. ಮೊದಮೊದಲು ನಾನು ಇಂಥದೊಂದು ಚಿತ್ರವನ್ನು ನೋಡಿ, ತುಂಗಭದ್ರೆಯ ಮೇಲೆ ಬೆಳಗಿನ ಮಂಜು ಹಬ್ಬಿದೆ ಎಂದು ಗೆಳೆಯರಿಗೆ ಕಾವ್ಯಮಯವಾಗಿ ವರ್ಣಿಸಿದ್ದೆ. ಅದು ಮಂಜಾಗಿರಲಿಲ್ಲ, ಬಂಡೆಗಳ ನಡುವೆ ಭೋರ್ಗರೆಯುತ್ತಿದ್ದ ನೀರೇ ದೀರ್ಘ ಅವಧಿಯಲ್ಲಿ ಹಾಗೆ ಕಂಡಿತ್ತು.

ಎರಡನೆಯದು ಬಣ್ಣ. ಆ ಕಾಲದ ಬೆಳ್ಳಿಯ ಲವಣಗಳು ನೀಲಿ ಮತ್ತು ನೇರಳೆ ಬೆಳಕಿಗೆ ಬಲು ಬೇಗ ಸ್ಪಂದಿಸುತ್ತಿದ್ದವು, ಹಸಿರು ಹಳದಿಗಳಿಗೆ ಮಂದವಾಗಿ; ಕೆಂಪು ಅವಕ್ಕೆ ಕತ್ತಲೆಗೆ ಸಮ. 1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್ ಬಣ್ಣದ ಲೇಪದಿಂದ ಈ ದೋಷವನ್ನು ತಗ್ಗಿಸುವ ದಾರಿ ಕಂಡುಕೊಂಡರೂ ಅದು ಬಳಕೆಗೆ ಬರಲು ಮತ್ತಷ್ಟು ವರ್ಷಗಳು ಹಿಡಿದವು. ನಮ್ಮ ಚಿತ್ರಗಳಿಗೆ ಇದರ ಪರಿಣಾಮ ದೊಡ್ಡದು. ಕುಂಕುಮ ಕಪ್ಪು ಬೊಟ್ಟಾಗುತ್ತದೆ, ಕೆಂಪು ಸೀರೆ ಕರಿಯ ಸೀರೆಯಾಗುತ್ತದೆ, ಅರಿಸಿನದ ಬಣ್ಣದ ಪಂಚೆ ಮಬ್ಬಾಗುತ್ತದೆ, ನೀಲಿ ಅಂಗಿ ಮಾಸಿದ ಬಿಳಿಯಾಗುತ್ತದೆ. ಮೈಬಣ್ಣವೂ ಇದ್ದದ್ದಕ್ಕಿಂತ ಗಾಢವಾಗಿಯೇ ಮೂಡುತ್ತದೆ. ಮುತ್ತಜ್ಜಿ ಮದುವೆಯ ದಿನ ಕಪ್ಪು ಸೀರೆ ಉಟ್ಟಿದ್ದಳೇ ಎಂದು ಮನೆಯವರು ಗಾಬರಿಯಾಗಬೇಕಿಲ್ಲ.

ಮೂರನೆಯದು ಆಕಾಶ. ನೀಲಿಗೆ ಅತಿಯಾಗಿ ಸ್ಪಂದಿಸುವ ಫಲಕದಲ್ಲಿ ನೆಲ ಸರಿಯಾಗಿ ಮೂಡುವಷ್ಟರಲ್ಲಿ ಆಕಾಶ ಮಿತಿಮೀರಿ ಬೆಳಗಿ, ಮೋಡವಿದ್ದರೂ ಬರಿ ಬಿಳಿಯಾಗಿ ಉಳಿಯುತ್ತಿತ್ತು. ಅದರ ಕಲೆಗಳನ್ನು ಮುಚ್ಚಲು ನೆಗೆಟಿವಿನ ಆಕಾಶಕ್ಕೆ ಮಸಿ ಬಳಿಯುತ್ತಿದ್ದರು. ಹೀಗಾಗಿ ಆ ಕಾಲದ ಚಿತ್ರದಲ್ಲಿ ಮೋಡ ಕಂಡರೇ ಅನುಮಾನ ಪಡಬೇಕು. ಲೆ ಗ್ರೇ ತನ್ನ ಕಡಲ ಚಿತ್ರಗಳಲ್ಲಿ ಅಲೆಗಳನ್ನು ಒಂದು ನೆಗೆಟಿವಿನಿಂದಲೂ ಮೋಡಗಳನ್ನು ಇನ್ನೊಂದರಿಂದಲೂ ಮುದ್ರಿಸಿದ್ದುಂಟು. ಟ್ರೈಪ್ 1855ರಲ್ಲಿ ಬರ್ಮಾದ ರಾಜಧಾನಿಗೆ ಹೋದ ರಾಯಭಾರದ ಜೊತೆಗಿದ್ದು ತೆಗೆದ ಚಿತ್ರಗಳಲ್ಲಿ, ಕುಂಚದಿಂದ ನೆಗೆಟಿವಿನ ಮೇಲೆಯೇ ಮೋಡಗಳನ್ನು ಬರೆದ; ಗಾಳಿಗೆ ಅಲುಗಿ ಕಲಸಿಹೋದ ಮರಗಳಿಗೆ ಎಲೆಗಳನ್ನೂ ತಿದ್ದಿದ. ಕೈಕೆಲಸ ಎಷ್ಟು ನಾಜೂಕಾದದ್ದೆಂದರೆ ಮೊದಲ ನೋಟಕ್ಕೆ ಯಾರಿಗೂ ತಿಳಿಯುವುದಿಲ್ಲ. ಒಬ್ಬನೇ ಛಾಯಾಗ್ರಾಹಕನ ಎರಡು ಬೇರೆ ಸ್ಥಳಗಳ ಚಿತ್ರಗಳಲ್ಲಿ ಒಂದೇ ಮೋಡ ಸಿಕ್ಕಿದರೆ ಗುಟ್ಟು ರಟ್ಟಾದಂತೆ.

ಈ ಮೂರರ ಜೊತೆಗೆ ಪ್ರಿಂಟಿನ ಮುಪ್ಪನ್ನೂ ಸೇರಿಸಿಕೊಳ್ಳಿ. ಮಾಸಿದ ಆಲ್ಬುಮೆನ್ ಪ್ರಿಂಟಿನಲ್ಲಿ ದೂರದ ಬೆಟ್ಟ ಕಾಣದಿದ್ದರೆ ಅಂದು ಧೂಳಿತ್ತು ಎಂದಲ್ಲ. ಬೆಟ್ಟ ಕಳೆದುಹೋದದ್ದು ಪೆಟ್ಟಿಗೆಯಲ್ಲಿದ್ದ ನೂರೈವತ್ತು ವರ್ಷಗಳಲ್ಲಿ.

4. ಎಡಬಲ ಪರೀಕ್ಷಿಸಿ

ಡಾಗೆರೊಟೈಪ್ ಸಾಮಾನ್ಯವಾಗಿ ಕನ್ನಡಿಯ ಬಿಂಬದಂತೆ ಎಡಬಲ ತಿರುಗಿರುತ್ತದೆ. ಪಾರದರ್ಶಕ ನೆಗೆಟಿವನ್ನು ಮಗುಚಿ ಮುದ್ರಿಸಿದರೂ ಹಾಗೇ ಆಗುತ್ತದೆ. ಸ್ಕ್ಯಾನ್ ಮಾಡುವಾಗ ಈ ತಪ್ಪು ಇಂದಿಗೂ ನಡೆಯುತ್ತದೆ. ಅಂಗಡಿಯ ಫಲಕ ಅಥವಾ ಶಾಸನದ ಅಕ್ಷರ ಕಂಡರೆ ಕೆಲಸ ಸುಲಭ. ಇಲ್ಲವಾದರೆ ಕೋಟಿನ ಗುಂಡಿ, ಕತ್ತಿ ಕಟ್ಟಿದ ಪಕ್ಕ, ಜನಿವಾರ ಇವುಗಳನ್ನು ನೋಡಿ. ಜನಿವಾರ ಎಡ ಹೆಗಲಿನಿಂದ ಬಲಕ್ಕೆ ಇಳಿಯಬೇಕು. ಬಲ ಹೆಗಲಿನ ಮೇಲಿದ್ದರೆ ಚಿತ್ರ ತಿರುಗಿದೆ ಎನ್ನಬಹುದು. ಶ್ರಾದ್ಧದ ಹೊತ್ತಿನಲ್ಲಿ ಅಪಸವ್ಯ ಮಾಡಿಕೊಂಡವನನ್ನು ನಿಲ್ಲಿಸಿ ಚಿತ್ರ ತೆಗೆದಿರುವ ಸಂಭವ ತೀರ ಕಡಿಮೆ.

5. ಹಣ ಕೊಟ್ಟವರು ಯಾರು, ನಿಲ್ಲಿಸಿದವರು ಯಾರು ಎಂದು ಕೇಳಿ

ಹಿಂದೂಸ್ತಾನದ ಸ್ಮಾರಕಗಳ ಆರಂಭಿಕ ಚಿತ್ರಗಳಲ್ಲಿ ಹೆಚ್ಚಿನವು ಸೈನಿಕರೂ ವೈದ್ಯರೂ ತೆಗೆದವು. ಇದು ಆಕಸ್ಮಿಕವಲ್ಲ. 1855ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು, ಕಟ್ಟಡಗಳ ನಕ್ಷೆ ಬರೆಸುವ ಖರ್ಚಿಗಿಂತ ಛಾಯಾಗ್ರಹಣವೇ ಮೇಲೆಂದು ಪ್ರೋತ್ಸಾಹ ಕೊಟ್ಟರು. ಅದೇ ವರ್ಷ ಬೊಂಬಾಯಿ ಸರ್ಕಾರ ಕ್ಯಾಪ್ಟನ್ ಥಾಮಸ್ ಬಿಗ್ಸ್‌ನನ್ನು ಈ ಕೆಲಸಕ್ಕೆ ನೇಮಿಸಿತು, ಅವನು ಬಿಜಾಪುರ, ಬಾದಾಮಿ, ಐಹೊಳೆಗಳನ್ನು ಸುತ್ತಿದ. ಅವನ ನಂತರ ವೈದ್ಯನಾದ ವಿಲಿಯಂ ಪಿಗು ಕೆಲಸವನ್ನು ಮುಂದುವರಿಸಿದ. ಇವರ ಚಿತ್ರಗಳೇ 1866ರಲ್ಲಿ ಬಿಜಾಪುರದ ಬಗ್ಗೆ ಒಂದು, ಧಾರವಾಡ ಮತ್ತು ಮೈಸೂರಿನ ವಾಸ್ತುವಿನ ಬಗ್ಗೆ ಇನ್ನೊಂದು ದೊಡ್ಡ ಗ್ರಂಥವಾಗಿ ಲಂಡನ್ನಿನಲ್ಲಿ ಪ್ರಕಟವಾದವು. ಕಟ್ಟಡದ ಅಳತೆ ಮತ್ತು ಕೆತ್ತನೆಯ ದಾಖಲೆ ಬೇಕಾಗಿದ್ದವರಿಗೆ ಅಂಗಳದಲ್ಲಿ ಮಲಗಿದ ಭಿಕ್ಷುಕ ಅಡ್ಡಿಯೇ. ಕಾಣದ ಜನರಲ್ಲಿ ಒಂದಷ್ಟು ಮಂದಿ ರಸಾಯನದಿಂದ ಅಳಿಸಿಹೋದವರು, ಉಳಿದವರು ‘ಪಕ್ಕಕ್ಕೆ ಸರಿ’ ಎಂದು ಗದರಿಸಿಕೊಂಡವರು ಎಂಬುದು ನನ್ನ ಊಹೆ.

ಚಿತ್ರದಲ್ಲಿ ಒಬ್ಬನೇ ಮನುಷ್ಯ ಕಂಬದ ಪಕ್ಕ ಅಲುಗದೆ ನಿಂತಿದ್ದರೆ ಅವನನ್ನು ಅಳತೆಗೋಲಾಗಿ ನಿಲ್ಲಿಸಲಾಗಿದೆ ಎಂದುಕೊಳ್ಳಿ. 1849ರಿಂದ 1851ರವರೆಗೆ ಈಜಿಪ್ಟ್ ಮತ್ತು ಸುತ್ತಲಿನ ನಾಡುಗಳನ್ನು ಸುತ್ತಿದ ಫ್ರಾನ್ಸಿನ ಮ್ಯಾಕ್ಸಿಮ್ ದು ಕಾಂ, ಹಾಜಿ ಇಸ್ಮಾಯಿಲ್ ಎಂಬ ನಾವಿಕನನ್ನು ವಿಗ್ರಹಗಳ ಮೇಲೂ ಕಂಬಗಳ ಬುಡದಲ್ಲೂ ಹೀಗೆ ನಿಲ್ಲಿಸುತ್ತಿದ್ದ. ಲೆನ್ಸಿನ ಹಿತ್ತಾಳೆಯ ಕೊಳವೆ ಒಂದು ತೋಪು, ಅಲುಗಿದರೆ ಹಾರಿಬಿಡುತ್ತದೆ ಎಂದು ಅವನನ್ನು ಹೆದರಿಸಿದ್ದಾಗಿ ದು ಕಾಂ ತಾನೇ ಬರೆದುಕೊಂಡಿದ್ದಾನೆ. ಅಬು ಸಿಂಬೆಲ್‌ನ ಬೃಹತ್ ಶಿರದ ಎತ್ತರ ನಮಗೆ ತಿಳಿದದ್ದು ಹೆದರಿ ನಿಂತ ಆ ಒಬ್ಬನಿಂದ. 1852ರಲ್ಲಿ 125 ಚಿತ್ರಗಳೊಡನೆ ಪ್ರಕಟವಾದ ಆ ಸಂಪುಟವನ್ನು ಯಾರು ನೋಡಿದರೂ ಮೊದಲು ಪಿರಮಿಡ್ಡನ್ನು ನೋಡುತ್ತಾರೆ. ಇಸ್ಮಾಯಿಲನನ್ನು ಹುಡುಕಿಕೊಂಡು ಹೋಗಿ, ಚಿತ್ರಗಳು ಹೆಚ್ಚು ಮಾತನಾಡುತ್ತವೆ.

ಯುದ್ಧದ ಚಿತ್ರಗಳಲ್ಲಿ ಇನ್ನಷ್ಟು ಎಚ್ಚರಿಕೆ ಬೇಕು. 1857ರ ನವೆಂಬರಿನಲ್ಲಿ ಲಖನೌನ ಸಿಕಂದರ್ ಬಾಗ್‌ನಲ್ಲಿ ಸಿಪಾಯಿಗಳ ಮಾರಣಹೋಮ ನಡೆಯಿತು. ಫೆಲಿಚೆ ಬಿಯಾಟೊ ಅಲ್ಲಿ ಚಿತ್ರ ತೆಗೆದದ್ದು ತಿಂಗಳುಗಳ ನಂತರ, 1858ರಲ್ಲಿ. ಅಂಗಳದ ತುಂಬ ಹರಡಿರುವ ಎಲುಬುಗಳನ್ನು ಚಿತ್ರಕ್ಕಾಗಿಯೇ ಹೊರತೆಗೆಯಲಾಗಿತ್ತೆಂದು ಆಗಿನ ಬ್ರಿಟಿಷ್ ಅಧಿಕಾರಿಯೊಬ್ಬರು ಬರೆದಿದ್ದಾರೆ. ಕೊಂದದ್ದು ನಿಜ, ಕಟ್ಟಡದ ಗೋಡೆಯ ಗುಂಡಿನ ಗಾಯ ನಿಜ, ನೆಲದ ಮೇಲಿನ ಜೋಡಣೆ ಮಾತ್ರ ಛಾಯಾಗ್ರಾಹಕನದು.

ಜೋಡಣೆಯನ್ನು ಪತ್ತೆ ಮಾಡುವ ಒಳ್ಳೆಯ ಉಪಾಯವೆಂದರೆ ಅದೇ ದೃಶ್ಯದ ಇನ್ನೊಂದು ಚಿತ್ರವನ್ನು ಹುಡುಕುವುದು. 1855ರಲ್ಲಿ ರೋಜರ್ ಫೆಂಟನ್ ಕ್ರಿಮಿಯಾದ ಒಂದು ಕಣಿವೆಯನ್ನು ಒಂದೇ ಜಾಗದಿಂದ ಎರಡು ಸಲ ತೆಗೆದ. ಒಂದರಲ್ಲಿ ಫಿರಂಗಿ ಗುಂಡುಗಳು ಹಳ್ಳದಲ್ಲಿವೆ, ರಸ್ತೆ ಖಾಲಿ. ಇನ್ನೊಂದರಲ್ಲಿ ರಸ್ತೆಯ ಮೇಲೆಲ್ಲ ಗುಂಡುಗಳು. ಯಾವುದು ಮೊದಲು? ಸಂಶೋಧಕರು ಗುಂಡುಗಳನ್ನು ಬಿಟ್ಟು ಇಳಿಜಾರಿನ ಸಣ್ಣ ಕಲ್ಲುಗಳನ್ನು ಗಮನಿಸಿದರು. ಕಾಲು ತಾಗಿ ಉರುಳಿದ ಕಲ್ಲು ಕೆಳಕ್ಕೆ ಹೋಗುತ್ತದೆಯೇ ಹೊರತು ಮೇಲಕ್ಕೆ ಏರುವುದಿಲ್ಲ. ರಸ್ತೆಯಲ್ಲಿ ಗುಂಡುಗಳಿರುವ ಚಿತ್ರದಲ್ಲಿ ಆ ಕಲ್ಲುಗಳು ಕೆಳಗಿದ್ದುದರಿಂದ ಅದೇ ನಂತರದ್ದೆಂದು ಕಂಡುಬಂತು. ಯಾರೂ ಲೆಕ್ಕಿಸದ ವಸ್ತುವನ್ನು ನೋಡುವುದೇ ಇಲ್ಲಿ ಪಾಠ.

6. ಅಡಿಬರಹವನ್ನು ಕೊನೆಗೆ ಓದಿ

ಶೀರ್ಷಿಕೆಯನ್ನು ಮೊದಲೇ ಓದಿದರೆ ಕಣ್ಣು ಅದು ಹೇಳಿದ್ದನ್ನೇ ಹುಡುಕುತ್ತದೆ. ಮೇಲಿನ ಟಿಪ್ಪಣಿಗಳು ಮುಗಿದ ಬಳಿಕವೇ ಪ್ರಿಂಟಿನ ಅಂಚಿಗೂ ಹಿಂಬದಿಗೂ ಹೋಗಿ. ಚಿತ್ರದೊಳಗೆ ಬಿಳಿ ಅಕ್ಷರಗಳಿದ್ದರೆ ಅದು ನೆಗೆಟಿವಿನ ಮೇಲೆ ಶಾಯಿಯಲ್ಲಿ ಬರೆದದ್ದು. ಕಪ್ಪು ಅಕ್ಷರಗಳಿದ್ದರೆ ನೆಗೆಟಿವಿನ ಲೇಪವನ್ನು ಕೆರೆದು ಬರೆದದ್ದು. ಬೋರ್ನ್‌ನಂಥ ವ್ಯಾಪಾರಿಗಳು ಹಾಕಿದ ಸಂಖ್ಯೆ ಅವರ ಮಾರಾಟದ ಪಟ್ಟಿಯಲ್ಲಿನ ಸಂಖ್ಯೆ. ಪಟ್ಟಿ ಸಿಕ್ಕರೆ ಸ್ಥಳವೂ ಕಾಲವೂ ಸಿಕ್ಕಂತೆ. ಆದರೆ ಒಳ್ಳೆಯ ಮಾರಾಟವಿದ್ದ ನೆಗೆಟಿವನ್ನು ಮೂವತ್ತು ವರ್ಷಗಳ ಕಾಲ ಮುದ್ರಿಸುತ್ತಿದ್ದರಾದ್ದರಿಂದ, ಪ್ರಿಂಟಿನ ವಯಸ್ಸೂ ನೋಟದ ವಯಸ್ಸೂ ಒಂದೇ ಆಗಬೇಕಿಲ್ಲ.

ಹುಡುಕುವಾಗ ಆ ಕಾಲದ ಕಾಗುಣಿತವನ್ನು ಊಹಿಸಬೇಕಾಗುತ್ತದೆ. ಹಂಪೆ ‘ಬೀಜನಗ್ಗರ್’ ಆಗಿರುತ್ತದೆ, ಹಳೇಬೀಡು ‘ಹುಲ್ಲಬೀಡ್’ ಆಗಿರುತ್ತದೆ. ಧಾರವಾಡವೆಂದರೆ ಈಗಿನ ಜಿಲ್ಲೆಯಲ್ಲ. ಗದಗ, ಹಾವೇರಿಗಳೂ ಅದರೊಳಗೇ ಇದ್ದವು. ‘ರಾಣಿಯ ಸ್ನಾನಗೃಹ’ದಂಥ ಹೆಸರುಗಳನ್ನು ವಿಜಯನಗರದ ಕಾಲದವೆಂದು ತಿಳಿಯಬೇಡಿ.

ಮನೆಯ ಆಲ್ಬಮ್ಮಿನ ಚಿತ್ರಗಳಿಗೆ ರಟ್ಟಿನ ಅಳತೆಯೇ ದಾರಿದೀಪ. ಸುಮಾರು ಎರಡೂವರೆ ಇಂಚು ಅಗಲ, ನಾಲ್ಕು ಇಂಚು ಎತ್ತರದ ರಟ್ಟು 1854ರಲ್ಲಿ ಪ್ಯಾರಿಸಿನ ದಿಸ್ದೆರಿ ಪೇಟೆಂಟ್ ಮಾಡಿಸಿ ಲೋಕಕ್ಕೆಲ್ಲ ಹಬ್ಬಿಸಿದ ಕಾರ್ತ್ ದ ವಿಸಿತ್. ನಾಲ್ಕೂಕಾಲು ಮತ್ತು ಆರೂವರೆ ಇಂಚಿನದು 1866ರ ಸುಮಾರಿಗೆ ಬಂದ ಕ್ಯಾಬಿನೆಟ್ ಕಾರ್ಡ್. ತೆಳುವಾದ ಚೌಕ ಮೂಲೆಯ ರಟ್ಟು ಹಳೆಯದು, ದಪ್ಪ ರಟ್ಟಿಗೆ ಚಿನ್ನದ ಅಂಚಿದ್ದರೆ ಹೊಸದು. ಅಮೆರಿಕದ ಚಿತ್ರದ ಹಿಂಬದಿಯಲ್ಲಿ ತೆರಿಗೆಯ ಚೀಟಿ ಅಂಟಿಸಿದ್ದರಂತೂ ಅದೃಷ್ಟ. ಆ ತೆರಿಗೆ ಇದ್ದದ್ದು 1864ರ ಸೆಪ್ಟೆಂಬರಿನಿಂದ 1866ರ ಆಗಸ್ಟಿನವರೆಗೆ ಮಾತ್ರ.

7. ಜೋಡಿ ಚಿತ್ರ ಸಿಕ್ಕರೆ ಕಣ್ಣಿನಿಂದಲೇ ಬೆಸೆಯಿರಿ

ಒಂದೇ ರಟ್ಟಿನ ಮೇಲೆ ಹೆಚ್ಚುಕಡಿಮೆ ಒಂದೇ ಬಗೆಯ ಎರಡು ಚಿತ್ರಗಳಿದ್ದರೆ ಅದು ಸ್ಟೀರಿಯೊ ಕಾರ್ಡ್. ಎರಡು ಕಣ್ಣುಗಳ ಅಂತರವನ್ನು ಅನುಕರಿಸಿ ತೆಗೆದ ಈ ಜೋಡಿಗಳನ್ನು ಮಸೂರದ ಪೆಟ್ಟಿಗೆಯಲ್ಲಿಟ್ಟು ನೋಡಿದರೆ ದೃಶ್ಯಕ್ಕೆ ಆಳ ಬರುತ್ತದೆ. ಊರು ಬಿಟ್ಟು ಕದಲದವರೂ ನಯಾಗರವನ್ನೂ ಜೆರುಸಲೇಮನ್ನೂ ಮನೆಯ ಪಡಸಾಲೆಯಲ್ಲಿ ಕುಳಿತು ಕಂಡದ್ದು ಹೀಗೆ. ಪೆಟ್ಟಿಗೆ ಇಲ್ಲದಿದ್ದರೂ ನಡೆಯುತ್ತದೆ: ಎರಡು ಚಿತ್ರಗಳ ಒಂದೇ ಬಿಂದುವಿನ ನಡುವಿನ ಅಂತರ ಆರು ಸೆಂಟಿಮೀಟರಿಗಿಂತ ಹೆಚ್ಚಾಗದಂತೆ ಪರದೆಯ ಮೇಲೆ ತೆರೆದು, ಅದರ ಹಿಂದಿನ ಗೋಡೆಯನ್ನು ನೋಡುವವರಂತೆ ದೃಷ್ಟಿಯನ್ನು ಸಡಿಲಬಿಡಿ. ಎರಡರ ನಡುವೆ ಮೂರನೆಯ ಚಿತ್ರವೊಂದು ಮೂಡಿ ಗಟ್ಟಿಯಾಗುತ್ತದೆ. ಯಾವ ಕಂಬ ಮುಂದೆ, ಯಾವುದು ಹಿಂದೆ ಎಂಬ ಜಗಳ ಆಗ ತಾನೇ ಬಗೆಹರಿಯುತ್ತದೆ.

8. ಸಾಧ್ಯವಿದ್ದರೆ ಅದೇ ಜಾಗದಲ್ಲಿ ನಿಲ್ಲಿ

1980ರ ದಶಕದಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ ಹಂಪೆಯನ್ನು ಮತ್ತೆ ಚಿತ್ರಿಸಿದರು. ಈ ಕೆಲಸವನ್ನು ಫೋನಿನಿಂದಲೂ ಮಾಡಬಹುದು, ತಾಳ್ಮೆ ಇರಬೇಕು ಅಷ್ಟೆ. ಹಳೆಯ ಚಿತ್ರದ ಅಚ್ಚುಪ್ರತಿಯೊಂದನ್ನು ಕೈಯಲ್ಲಿ ಹಿಡಿದುಕೊಳ್ಳಿ. ಹತ್ತಿರದ ಒಂದು ಕಂಬ, ದೂರದ ಒಂದು ಗೋಪುರ ಅಥವಾ ಬಂಡೆ, ಈ ಎರಡನ್ನು ಆರಿಸಿಕೊಳ್ಳಿ. ಚಿತ್ರದಲ್ಲಿ ಕಂಬದ ಅಂಚು ಗೋಪುರದ ಯಾವ ಭಾಗವನ್ನು ಮುಚ್ಚಿದೆಯೋ ಅಷ್ಟನ್ನೇ ಮುಚ್ಚುವವರೆಗೆ ಎಡಕ್ಕೋ ಬಲಕ್ಕೋ ಸರಿಯಿರಿ. ಆಮೇಲೆ ಚಿತ್ರದ ಇನ್ನೊಂದು ಬದಿಯಲ್ಲಿ ಇಂಥದೇ ಜೋಡಿಯೊಂದನ್ನು ಹಿಡಿದು, ಅದೂ ಹೊಂದುವವರೆಗೆ ಹಿಂದಕ್ಕೋ ಮುಂದಕ್ಕೋ ನಡೆಯಿರಿ. ಕೊನೆಗೆ ಎತ್ತರ: ಮುಂದಿನ ಕಟ್ಟೆಯ ಅಂಚು ಹಿಂದಿನ ಮೆಟ್ಟಿಲನ್ನು ಎಲ್ಲಿ ಕತ್ತರಿಸುತ್ತದೆ ಎಂದು ನೋಡಿ ಫೋನನ್ನು ಏರಿಸಿ ಇಳಿಸಿ. ವಸ್ತುಗಳು ಒಂದನ್ನೊಂದು ಮುಚ್ಚುವ ರೀತಿ ನಿಂತ ಜಾಗದಿಂದ ನಿರ್ಧಾರವಾಗುತ್ತದೆಯೇ ಹೊರತು ಲೆನ್ಸಿನಿಂದಲ್ಲ. ಆದ್ದರಿಂದ ಕ್ಯಾಮೆರಾ ಬೇರೆಯಾದರೂ ಚಿಂತೆಯಿಲ್ಲ. ಜೂಮ್ ಮಾಡುವುದು ಇದೆಲ್ಲ ಮುಗಿದ ಮೇಲೆ. ಟ್ರೈಪಾಡ್ ಒಯ್ಯುವುದಾದರೆ ಪುರಾತತ್ವ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಬೇಕು.

ಜಾಗ ಸಿಕ್ಕಿಯೂ ಎತ್ತರ ಹೊಂದದಿದ್ದರೆ ನಿಮ್ಮ ತಪ್ಪೆಂದು ಭಾವಿಸಬೇಡಿ. ರಾಜಪ್ರಾಂಗಣದ ಸುತ್ತ ಉತ್ಖನನದಿಂದ ನೆಲವೇ ಕೆಳಗಿಳಿದಿದೆ. ಗ್ರೀನ್‌ಲಾ ಕ್ಯಾಮೆರಾ ಇಟ್ಟ ಮಣ್ಣು ಈಗ ಗಾಳಿಯಲ್ಲಿದೆ.

ನೆರಳಿನಿಂದ ಹೊತ್ತನ್ನೂ ಒಂದಿಷ್ಟು ಮಟ್ಟಿಗೆ ಋತುವನ್ನೂ ಅಳೆಯಬಹುದು. ಹಂಪೆ ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ, ಮೇ ಮೊದಲ ವಾರದಿಂದ ಆಗಸ್ಟ್ ಎರಡನೆಯ ವಾರದವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ. ವರ್ಷದ ಉಳಿದ ದಿನಗಳಲ್ಲಿ ದಕ್ಷಿಣಕ್ಕೆ. ಕುಳ್ಳ ನೆರಳುಗಳಿರುವ ಮಧ್ಯಾಹ್ನದ ಚಿತ್ರವೊಂದರಲ್ಲಿ ಉತ್ತರದ ಗೋಡೆಗೆ ಬಿಸಿಲು ಬಿದ್ದಿದ್ದರೆ ಅದು ಚಳಿಗಾಲದ್ದಾಗಿರಲು ಸಾಧ್ಯವಿಲ್ಲ.

ಹೊಸ ಚಿತ್ರದ ಜೊತೆಗೆ ದಿನಾಂಕ, ಹೊತ್ತು, ನಿಂತ ಜಾಗದ ಅಕ್ಷಾಂಶ ರೇಖಾಂಶ, ಫೋನಿನ ಎತ್ತರ, ಷಟರಿನ ವೇಗ (ಬೆಳಕು ಒಳಬರಲು ಕ್ಯಾಮೆರಾ ತೆರೆದಿದ್ದ ಅವಧಿ) ಇಷ್ಟನ್ನು ತಪ್ಪದೆ ಬರೆದಿಡಿ. ಷಟರಿನ ವೇಗ ಏಕೆ ಎಂಬುದು ವಿರೂಪಾಕ್ಷ ಬಜಾರಿನ ಬೀದಿಯಲ್ಲಿ ನಿಂತಾಗ ತಿಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ನೋಟಗಳಲ್ಲಿ ಆ ಬೀದಿ ಖಾಲಿಯಾಗಿ ಕಂಡರೆ ಕ್ಯಾಮೆರಾದ ನಿಧಾನವನ್ನು ಮೊದಲು ಶಂಕಿಸಬೇಕು. ಇಪ್ಪತ್ತನೆಯ ಶತಮಾನದ ಕೊನೆಯ ಚಿತ್ರಗಳಲ್ಲಿ ಅದೇ ಬೀದಿಯ ಸಾಲುಮಂಟಪಗಳಲ್ಲಿ ಅಂಗಡಿಗಳು, ಮನೆಗಳು, ಹೋಟೆಲುಗಳು ತುಂಬಿವೆ. 2011ರ ಜುಲೈಯಲ್ಲಿ ಆಡಳಿತ ಅವನ್ನು ಕೆಡವಿ ಅಲ್ಲಿದ್ದ ಕುಟುಂಬಗಳನ್ನು ತೆರವುಗೊಳಿಸಿತು. ಇಂದು ನೀವು ತೆಗೆಯುವ ಚಿತ್ರದಲ್ಲಿ ಮಂಟಪಗಳು ಮತ್ತೆ ಬರಿದಾಗಿ ಕಾಣುತ್ತವೆ, 1850ರ ದಶಕದ ಚಿತ್ರದ ಪಕ್ಕದಲ್ಲಿಟ್ಟರೆ ಅವಳಿಜವಳಿಯಂತೆ. ಸೆಕೆಂಡಿನ ಇನ್ನೂರೈವತ್ತನೆಯ ಒಂದು ಭಾಗದಲ್ಲಿ ತೆಗೆದ ಚಿತ್ರವಿದು ಎಂದು ಅದರ ಕೆಳಗೆ ಬರೆದಿದ್ದರೆ, ಮುಂದೆ ಅದನ್ನು ನೋಡುವವರು ಈ ಖಾಲಿತನಕ್ಕೆ ಕ್ಯಾಮೆರಾವನ್ನು ದೂರಲಾರರು.